ಕಿಸೆಯಿಲ್ಲದವರ ಕಿಸೆರು

ಅಂಗೈಯಲ್ಲಿ ಹಿಡಿಸುವಷ್ಟು ಮರದ ಡಬ್ಬಿ. ಸೋರೆಬುರುಡೆಯ ಆಕಾರ, ಮೇಲೊಂದು ಬಿಗಿಯಾದ ಮುಚ್ಚಳ. ಎರಡೂ ಪಕ್ಕಗಳಲ್ಲಿ ದಾರ ಹಾಯಿಸಲು ಸಣ್ಣ ತೂತುಗಳು. ದಾರ ಉಜ್ಜಿ ಉಜ್ಜಿ ಆ ತೂತುಗಳ ಅಂಚು ಸವೆದಿದೆ. ಕೈ ಹೆಚ್ಚು ತಾಗಿದ ಕಡೆ ಮರ ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ. ಮುಚ್ಚಳ ತೆಗೆದರೆ ಒಳಗೆಲ್ಲ ಕಂದು ಕಲೆ. ಸುಮಾರು ನೂರೈವತ್ತು ವರ್ಷಗಳ ಹಿಂದೆ ಜಪಾನಿನ ಯಾವನೋ ರೈತ, ಬೆಸ್ತ ಅಥವಾ ಬಡಗಿ ತನ್ನ ಹೊಗೆಸೊಪ್ಪನ್ನು ಇಟ್ಟುಕೊಳ್ಳುತ್ತಿದ್ದ ಇಂಥ ಡಬ್ಬಿಗೆ ‘ತೊಂಕೊತ್ಸು’ ಎಂದು ಹೆಸರು. (ಇಂದಿನ ಜಪಾನಿನಲ್ಲಿ ಈ ಹೆಸರು ಹೇಳಿದರೆ ಹಂದಿಮೂಳೆಯ ಸಾರಿನ ಶಾವಿಗೆಯನ್ನು ತಂದಿಟ್ಟಾರು. ಡಬ್ಬಿಯ ನೆನಪು ಹಳೆಯ ಸಾಮಾನಿನ ವ್ಯಾಪಾರಿಗಳಿಗೂ ಸಂಗ್ರಾಹಕರಿಗೂ ಬಿಟ್ಟರೆ ಬೇರೆಯವರಿಗೆ ಅಷ್ಟಾಗಿ ಉಳಿದಿಲ್ಲ.)

ಈ ಡಬ್ಬಿ ಒಂಟಿಯಾಗಿ ಇರುತ್ತಿರಲಿಲ್ಲ. ಅದರ ದಾರದಲ್ಲಿ ಒಂದು ಮಣಿ ಇರುತ್ತಿತ್ತು, ಅದು ‘ಒಜಿಮೆ’. ಮಣಿಯನ್ನು ಮೇಲಕ್ಕೆ ಜಾರಿಸಿದರೆ ಮುಚ್ಚಳ ತೆರೆಯುತ್ತದೆ, ಕೆಳಕ್ಕೆ ಎಳೆದರೆ ಬಿಗಿಯುತ್ತದೆ. ದಾರದ ಮೇಲಿನ ತುದಿಯಲ್ಲಿ ಒಂದು ಕೆತ್ತಿದ ಬಿರಡೆ. ಅದೇ ‘ನೆತ್ಸುಕೆ’. ದಾರವನ್ನು ನಡುಪಟ್ಟಿಯ ಅಡಿಯಿಂದ ಮೇಲಕ್ಕೆ ತೂರಿಸಿದರೆ ಬಿರಡೆ ಪಟ್ಟಿಯ ಅಂಚಿಗೆ ತಡೆದು ನಿಲ್ಲುತ್ತದೆ, ಡಬ್ಬಿ ಸೊಂಟದಲ್ಲಿ ತೂಗುತ್ತದೆ. ಎಷ್ಟೋ ಸಲ ನೆತ್ಸುಕೆಯ ಬದಲು ಹೊಗೆಕೊಳವೆಯನ್ನಿಡುವ ಉದ್ದನೆಯ ಒರೆಯೇ ಈ ಕೆಲಸ ಮಾಡುತ್ತಿತ್ತು. ಕತ್ತಿಯಂತೆ ಅದನ್ನು ನಡುಪಟ್ಟಿಗೆ ಸಿಕ್ಕಿಸಿ, ಅದರಿಂದ ಡಬ್ಬಿಯನ್ನು ಇಳಿಬಿಡುತ್ತಿದ್ದರು. ಎಲೆಯಡಿಕೆ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಹಿರಿಯರನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು.

ಇಷ್ಟೆಲ್ಲ ಏರ್ಪಾಡು ಏಕೆ? ಉತ್ತರ ಸರಳ. ಜಪಾನೀಯರ ಸಾಂಪ್ರದಾಯಿಕ ಉಡುಪಾದ ಕಿಮೋನೋಗೆ ಕಿಸೆ ಇಲ್ಲ. ಅಗಲವಾದ ತೋಳಿನೊಳಗೆ, ಎದೆಯ ಮಡಿಕೆಯೊಳಗೆ ಕಾಗದ, ಕರವಸ್ತ್ರದಂಥ ಹಗುರ ವಸ್ತುಗಳನ್ನು ಇಟ್ಟುಕೊಳ್ಳಬಹುದಿತ್ತು. ಉಳಿದದ್ದೆಲ್ಲ ಸೊಂಟದಿಂದ ತೂಗಬೇಕು. ಹಣದ ಚೀಲ, ಔಷಧಿಯ ಅಂತಸ್ತಿನ ಡಬ್ಬಿ, ಬರೆಯುವ ಸಾಮಗ್ರಿ ಎಲ್ಲವೂ ಹೀಗೆ ತೂಗಿದವು. ಆದರೆ ಈ ತೂಗುವ ಕಲೆಯನ್ನು ಜನಸಾಮಾನ್ಯರ ಸೊಂಟದವರೆಗೆ ಕೊಂಡೊಯ್ದದ್ದು ಹೊಗೆಸೊಪ್ಪು.

ಜಪಾನಿಗೆ ಹೊಗೆಸೊಪ್ಪು ಬಂದದ್ದು ಹದಿನಾರನೆಯ ಶತಮಾನದ ಕೊನೆಯ ಭಾಗದಲ್ಲಿ, ಪೋರ್ಚುಗೀಸ್ ಮತ್ತು ಸ್ಪೇನಿನ ಹಡಗುಗಳ ಮೂಲಕ. 1601ರಲ್ಲಿ ಜೆರೋನಿಮೊ ಡಿ ಜೀಸಸ್ ಎಂಬ ಫ್ರಾನ್ಸಿಸ್ಕನ್ ಪಾದ್ರಿ ತೊಕುಗಾವಾ ಇಯೆಯಾಸುವಿಗೆ ಹೊಗೆಸೊಪ್ಪಿನ ಬೀಜವನ್ನೂ ಅದರಿಂದ ಮಾಡಿದ ಲೇಪವನ್ನೂ ಕಾಣಿಕೆಯಾಗಿ ಕೊಟ್ಟದ್ದು ದಾಖಲೆಯಲ್ಲಿದೆ. ಔಷಧಿಯೆಂದು ಬಂದದ್ದು ಚಟವಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. ಕ್ಯೋಟೊದ ಬೀದಿಗಳಲ್ಲಿ ಪುಂಡರ ಗುಂಪುಗಳು ಉದ್ದುದ್ದದ ಕಬ್ಬಿಣದ ಹೊಗೆಕೊಳವೆಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುತ್ತಿದ್ದವು. ಸೇದಲು ಆಯಿತು, ಜಗಳ ಬಂದರೆ ಬಾರಿಸಲೂ ಆಯಿತು. 1609ರಲ್ಲಿ ಸರ್ಕಾರ ಇಂಥವರನ್ನು ಹಿಡಿದು ಸೆರೆಗೆ ಹಾಕಿತು. 1612ರಿಂದ ನಾಲ್ಕಾರು ವರ್ಷ ನಿಷೇಧಾಜ್ಞೆಗಳು ಒಂದರ ಮೇಲೊಂದು ಹೊರಟವು. ಬತ್ತ ಬೆಳೆಯುವ ಗದ್ದೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆ, ಮರ ಕಾಗದಗಳ ಮನೆಗಳಿಗೆ ಬೆಂಕಿ ಬೀಳುತ್ತದೆ, ಜನ ದುಂದುಗಾರರಾಗುತ್ತಾರೆ ಎಂಬುದು ಅಧಿಕಾರಿಗಳ ಅಳಲು. ಹಿರಾಡೊ ಬಂದರಿನಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಕೋಠಿ ನೋಡಿಕೊಳ್ಳುತ್ತಿದ್ದ ರಿಚರ್ಡ್ ಕಾಕ್ಸ್ 1615ರ ತನ್ನ ದಿನಚರಿಯಲ್ಲಿ ಇಂಥ ಒಂದು ಆಜ್ಞೆಯ ವಿಷಯ ಬರೆಯುತ್ತಾ, ಬಂದು ಹತ್ತು ವರ್ಷವೂ ಆಗದ ಈ ಎಲೆಗೆ ಗಂಡಸರು, ಹೆಂಗಸರು, ಮಕ್ಕಳು ಎನ್ನದೆ ಎಲ್ಲರೂ ಮರುಳಾದ ಬಗೆಗೆ ಬೆರಗುಪಟ್ಟಿದ್ದಾನೆ.

ನಿಷೇಧ ಸೋತಿತು. ಹದಿನೇಳನೆಯ ಶತಮಾನದ ಮಧ್ಯಭಾಗಕ್ಕೆ ಬಂದರೆ ಆಜ್ಞೆಗಳ ಬಿಗಿ ಸಡಿಲವಾಗಿತ್ತು. ದಕ್ಷಿಣದ ಕೊಕುಬು, ಎದೋ ನಗರಕ್ಕೆ (ಇಂದಿನ ಟೋಕಿಯೊ) ಹತ್ತಿರದ ಹದಾನೊ ಮುಂತಾದ ಊರುಗಳು ಕಾಲಕ್ರಮದಲ್ಲಿ ಹೊಗೆಸೊಪ್ಪಿನಿಂದಲೇ ಹೆಸರಾದವು.

ಸೇದುವ ಸಾಧನ ‘ಕಿಸೆರು’. ಕನ್ನಡದ ಕಿಸೆಗೂ ಇದಕ್ಕೂ ನಂಟೇನಿಲ್ಲ. ಕಾಂಬೋಡಿಯಾದ ಖ್ಮೇರ್ ಭಾಷೆಯಲ್ಲಿ ಹೊಗೆಕೊಳವೆಗಿರುವ ಪದದಿಂದ ಬಂದದ್ದೆಂದು ಬಹುಮಟ್ಟಿಗೆ ಒಪ್ಪುತ್ತಾರೆ. ಕೊಳವೆಯ ಎರಡು ತುದಿಗಳು ಲೋಹದವು, ನಡುವಿನ ಭಾಗ ಬಿದಿರು. ಆ ಬಿದಿರಿಗೆ ‘ರಾವೊ’ ಎಂಬ ಹೆಸರು ಬಂದದ್ದು ಲಾವೋಸ್ ದೇಶದಿಂದ. ಸೊಪ್ಪು ತುಂಬುವ ಬಟ್ಟಲು ಮೊದಲು ದೊಡ್ಡದಾಗಿತ್ತು. ಬರುಬರುತ್ತ ಕಿರಿದಾಗಿ ಬಟಾಣಿ ಕಾಳಿನಷ್ಟು ಸೊಪ್ಪು ಹಿಡಿಸುವ ಮಟ್ಟಕ್ಕೆ ಬಂತು. ಇದಕ್ಕೆ ಕಾರಣ ಸೊಪ್ಪನ್ನು ಹೆಚ್ಚುವ ವಿಧಾನ. ಜಪಾನೀಯರು ಎಲೆಗಳನ್ನು ಒಂದರ ಮೇಲೊಂದು ಮಡಿಸಿಟ್ಟು ಭಾರವಾದ ಕತ್ತಿಯಿಂದ ಕೂದಲೆಳೆಯಷ್ಟು ಸಣ್ಣಗೆ ಹೆಚ್ಚುತ್ತಿದ್ದರು. ಹೆಂಡತಿ ಎಲೆ ಸುತ್ತಿಕೊಟ್ಟರೆ ಗಂಡ ಹೆಚ್ಚುವುದು ಸಣ್ಣ ಅಂಗಡಿಗಳ ವಾಡಿಕೆ. ಅದರ ಮೇಲೊಂದು ಮಾತೇ ಹುಟ್ಟಿಕೊಂಡಿತ್ತು. ಇಷ್ಟು ಸಣ್ಣ ಎಳೆಯನ್ನು ಉಂಡೆ ಮಾಡಿ ತುಂಬಿದರೆ ಎರಡು ಮೂರು ದಮ್ಮಿಗೆ ಮುಗಿಯುತ್ತದೆ. ಬೂದಿಯನ್ನು ಕುಟ್ಟಿ ಕೆಡವಿ ಮತ್ತೆ ತುಂಬಬೇಕು.

ಮನೆಯಲ್ಲಿ ಇದಕ್ಕೆಲ್ಲ ‘ತಬಾಕೊಬೊನ್’ ಎಂಬ ಮರದ ತಟ್ಟೆಯಿತ್ತು. ಅದರಲ್ಲಿ ಕೆಂಡವಿರುವ ಪುಟ್ಟ ಕುಡಿಕೆ, ಬೂದಿ ಕೆಡವಲು ಬಿದಿರಿನ ಗಂಟೆ, ಕೆಲವದರಲ್ಲಿ ಸೊಪ್ಪಿಡಲು ಸಣ್ಣ ಸೆಳೆಗೂಡು. ಅತಿಥಿ ಬಂದೊಡನೆ ಮುಂದಿಡುವ ಮೊದಲ ವಸ್ತು ಅದು. ಬಿದಿರಿನ ಮೇಲೆ ಕಿಸೆರು ಕುಟ್ಟುವ ಟಕ್ ಎಂಬ ಸದ್ದು ಮನೆಯ ಯಜಮಾನನ ಮನಃಸ್ಥಿತಿಯನ್ನು ತಿಳಿಸುತ್ತಿತ್ತು. ಹೊರಗೆ ಹೋದಾಗ ಕೆಂಡ ಎಲ್ಲಿ ಸಿಗಬೇಕು? ಚಕಮಕಿ ಕಲ್ಲು ಬೇಕು. ಒಮ್ಮೆ ಹೊತ್ತಿಸಿದ್ದನ್ನು ವ್ಯರ್ಥ ಮಾಡಬಾರದೆಂದು ಉರಿಯುವ ಉಂಡೆಯನ್ನು ಹಿಡಿದಿಡಲೆಂದೇ ಬಟ್ಟಲಿನಂಥ ಲೋಹದ ನೆತ್ಸುಕೆಗಳಿದ್ದವು. ಹಳೆಯ ಉಂಡೆಯಿಂದ ಹೊಸದಕ್ಕೆ ಬೆಂಕಿ ತಾಗಿಸುತ್ತಿದ್ದರು. ಕೂದಲೆಳೆಯಂಥ ಸೊಪ್ಪಿಗೆ ಗಾಳಿ ತಾಗಿದರೆ ಬೇಗ ಒಣಗಿ ಪುಡಿಯಾಗುತ್ತದೆ. ಹೀಗಾಗಿ ದಾರಿಯಲ್ಲಿ ಒಯ್ಯುವ ಡಬ್ಬಿಯ ಮುಚ್ಚಳ ಬಿಗಿಯಾಗಿರಲೇಬೇಕು. ತೊಂಕೊತ್ಸುವಿನ ಮೊದಲ ಗುಣ ಅದರ ಅಂದವಲ್ಲ, ಈ ಬಿಗಿ.

ಪಟ್ಟಣದ ಶ್ರೀಮಂತ ವರ್ತಕರ ಕಥೆ ಬೇರೆ. ತೊಕುಗಾವಾ ಆಳ್ವಿಕೆಯಲ್ಲಿ ಸಮಾಜದ ಶ್ರೇಣಿಯಲ್ಲಿ ವರ್ತಕನ ಸ್ಥಾನ ಕೆಳಗೆ, ಕೈಯಲ್ಲಿನ ಹಣ ಮಾತ್ರ ಎಲ್ಲರಿಗಿಂತ ಹೆಚ್ಚು. ಯಾರು ಎಂಥ ಬಟ್ಟೆ ಉಡಬೇಕು, ಯಾವ ಬಣ್ಣ ಹಾಕಬೇಕು ಎಂಬುದಕ್ಕೆಲ್ಲ ಸರ್ಕಾರ ಮತ್ತೆ ಮತ್ತೆ ಕಟ್ಟಳೆ ಹೊರಡಿಸುತ್ತಿತ್ತು. 1841ರಿಂದ 1843ರವರೆಗಿನ ತೆಂಪೊ ಸುಧಾರಣೆಯ ಕಾಲದಲ್ಲಂತೂ ಇದು ವಿಪರೀತಕ್ಕೆ ಹೋಯಿತು. ಮೈಮೇಲೆ ಮೆರೆಯಲು ಬಿಡದಿದ್ದಾಗ ಹಣ ಸೊಂಟಕ್ಕೆ ಇಳಿಯಿತು. ಹೊರಗೆ ಮಂಕು ಬಣ್ಣದ ಹತ್ತಿ ಬಟ್ಟೆ. ಆದರೆ ಸೊಂಟದ ಹೊಗೆಸೊಪ್ಪಿನ ಚೀಲಕ್ಕೆ ಹಡಗಿನಲ್ಲಿ ಬಂದ ಪರದೇಶದ ತೊಗಲು. ಇಲ್ಲಿ ಭಾರತದ ಪಾತ್ರವೂ ಇದೆ. ಈ ಚೀಲಗಳಿಗೆ ಬಳಸುತ್ತಿದ್ದ ಒಂದು ಬಗೆಯ ತೊಗಲಿಗೆ ಜಪಾನಿನಲ್ಲಿ ‘ಸಾಂತೊಮೆ’ ಎಂದು ಹೆಸರು. ಮದ್ರಾಸಿನ ಮೈಲಾಪುರದ ಬಳಿ ಪೋರ್ಚುಗೀಸರು ನೆಲೆಸಿದ್ದ ಸಾಂತೋಮ್‌ನ ಹೆಸರೇ ಅದು. ಕೋರಮಂಡಲ ತೀರದ ಚೀಟಿ ಬಟ್ಟೆ ‘ಸರಸಾ’ ಎಂಬ ಹೆಸರಿನಲ್ಲಿ ಡಚ್ಚರ ಹಡಗಿನಲ್ಲಿ ಹೋಗಿ, ತುಂಡುತುಂಡಾಗಿ ಮಾರಾಟವಾಗಿ ಚೀಲವಾಯಿತು. ಕೋಫು ಪಟ್ಟಣದಲ್ಲಿ ಇಂದಿಗೂ ಜಿಂಕೆಯ ತೊಗಲಿನ ಮೇಲೆ ಮೆರುಗೆಣ್ಣೆಯ ಚಿತ್ತಾರ ಬಿಡಿಸುವ ಕಸುಬಿಗೆ ‘ಇಂದೆನ್’ ಎನ್ನುತ್ತಾರೆ. ಇಂಡಿಯಾ ಎಂಬುದರಿಂದಲೇ ಆ ಪದ ಹುಟ್ಟಿತೆಂದು ನಂಬಿಕೆ.

ಬಡವನಿಗೆ ಇದೆಲ್ಲ ಎಟುಕುವ ಮಾತಲ್ಲ. ಅವನಿಗೆ ಸಿಕ್ಕಿದ್ದು ಮರ. ಮರದ ಡಬ್ಬಿಯೇ ಅವನ ಚೀಲ, ಮರದ ಅಥವಾ ಬಿದಿರಿನ ಒರೆಯೇ ಅವನ ಕಿಸೆರುವಿನ ಮನೆ. ಈ ಬಡತನದೊಳಗೇ ಒಂದು ವಿಚಿತ್ರ ಸ್ವಾತಂತ್ರ್ಯ ಇತ್ತು. ಕಟ್ಟಳೆಗಳ ಕಣ್ಣು ರೇಷ್ಮೆ, ಚಿನ್ನದ ಮೇಲಿತ್ತೇ ಹೊರತು ಒಂದು ತುಂಡು ಮರದ ಮೇಲಲ್ಲ. ಕೆತ್ತುವವನು ತನಗೆ ತೋಚಿದ್ದನ್ನು ಕೆತ್ತಬಹುದಿತ್ತು. ಕೆತ್ತಿದ್ದಾನೆ ಕೂಡ. ಬೌದ್ಧ ಮಂದಿರಗಳಲ್ಲಿ ಮಂತ್ರ ಹೇಳುವಾಗ ಬಡಿಯುವ ಮರದ ಮೀನಿನ ರೂಪದ ಡಬ್ಬಿಗಳಿವೆ. ಕೈಕಾಲು ಒಳಗೆಳೆದುಕೊಂಡ ಆಮೆಗಳಿವೆ. ಹುಬ್ಬು ಗಂಟಿಕ್ಕಿದ ಬೋಧಿಧರ್ಮನಿದ್ದಾನೆ. (ಕಾಂಚೀಪುರದಿಂದ ಹೋದನೆಂದು ಹೇಳುವ ಈ ಸಂತ ಜಪಾನಿನಲ್ಲಿ ‘ದರುಮಾ’ ಆಗಿ ಗೊಂಬೆಯೂ ಆದ, ಹೊಗೆಸೊಪ್ಪಿನ ಡಬ್ಬಿಯೂ ಆದ.) ತಲೆಬುರುಡೆಯ ಆಕಾರದ ಡಬ್ಬಿಗಳೂ ಇವೆ, ಪ್ರತಿ ಸಲ ಸೊಪ್ಪು ತೆಗೆಯಲು ಬುರುಡೆಯೊಳಗೆ ಬೆರಳು ಹಾಕುವವನ ಹಾಸ್ಯಪ್ರಜ್ಞೆ ಗಟ್ಟಿಯಾಗಿಯೇ ಇದ್ದಿರಬೇಕು. ಎಲ್ಲಕ್ಕಿಂತ ಚೆಲುವಾದವು ಮಾತ್ರ ಹೆಚ್ಚು ಕೆತ್ತದೆ ಬಿಟ್ಟವು. ಮರದ ಗಂಟನ್ನು ಅದರ ತಿರುವು, ಬಿರುಕು, ಹುಳು ತಿಂದ ಗುಳಿಗಳೊಂದಿಗೆ ಹಾಗೇ ಉಳಿಸಿ, ಒಳಗನ್ನು ಮಾತ್ರ ಕೊರೆದು, ಮೂಲೆಯಲ್ಲೊಂದು ಕಪ್ಪೆಯನ್ನೋ ಬಸವನಹುಳುವನ್ನೋ ಕೂರಿಸಿದ್ದಾರೆ. ಕಾಡಿನಿಂದ ಈಗಷ್ಟೇ ಎತ್ತಿಕೊಂಡು ಬಂದ ಕೊರಡಿನಂತೆ ಅದು ಕಾಣಬೇಕು.

ಮರದ ಆಯ್ಕೆಯಲ್ಲೂ ಒಂದು ಲೆಕ್ಕವಿತ್ತು. ಸೂಕ್ಷ್ಮ ಕೆತ್ತನೆಗೆ ‘ತ್ಸುಗೆ’ ಎಂಬ ಹಳದಿ ಛಾಯೆಯ ಗಟ್ಟಿ ಮರ; ಅದರ ನಾರು ಎಷ್ಟು ಒತ್ತಾಗಿದೆಯೆಂದರೆ ಇಲಿಯ ಮೀಸೆಯನ್ನೂ ಅದರಲ್ಲಿ ಬಿಡಿಸಬಹುದು. ಡಬ್ಬಿಗೆ ಹಗುರವಾದ, ತೇವಕ್ಕೆ ಬಾಗದ ‘ಕಿರಿ’. ಕಪ್ಪು ಗೆರೆಗಳ ಸೊಗಸಿಗೆ ಪರ್ಸಿಮನ್ ಹಣ್ಣಿನ ಹಳೆಯ ಮರದ ತಿರುಳು. ಬೆಟ್ಟಗಾಡಿನ ತಕಯಾಮಾದಲ್ಲಿ ಮತ್ಸುದಾ ಸುಕೆನಾಗಾ (1800–1871) ‘ಇಚಿಯಿ’ ಎಂಬ ಮರವನ್ನು ಹಿಡಿದ. ಬಣ್ಣ ಹಚ್ಚದೆ, ಉಳಿಯ ಗುರುತನ್ನು ಅಳಿಸದೆ, ಮರದ ಕೆಂಪು ಬಿಳಿ ಭಾಗಗಳನ್ನೇ ಬಣ್ಣದಂತೆ ಬಳಸುವ ಅವನ ದಾರಿ ಒಂದು ಪಂಥವೇ ಆಯಿತು. ಆ ಊರಿನಲ್ಲಿ ಅದು ಇಂದಿಗೂ ಬದುಕಿದೆ. ಬೇರೆ ಕಡೆ ಕೆತ್ತಿದ ಮೇಲೆ ನಯಗೊಳಿಸುವುದೇ ದಿನಗಟ್ಟಲೆಯ ಕೆಲಸ. ‘ತೊಕುಸಾ’ ಎಂಬ ಒರಟು ಕಾಂಡದ ಗಿಡವನ್ನು ಒಣಗಿಸಿ ಉಜ್ಜುಕಾಗದದಂತೆ ಬಳಸುತ್ತಿದ್ದರು.

ಸೊಂಟದಲ್ಲಿ ತೂಗುವ ವಸ್ತುವಿನ ಕೆತ್ತನೆಗೆ ಕೆಲವು ನಿಯಮಗಳು ತಾವಾಗಿ ಹುಟ್ಟಿದ್ದವು. ಎಲ್ಲಿಯೂ ಮೊನೆ ಚಾಚಿರಬಾರದು. ಚಾಚಿದರೆ ಬಟ್ಟೆ ಹರಿಯುತ್ತದೆ, ಇಲ್ಲವೇ ಮೊನೆ ಮುರಿಯುತ್ತದೆ. ಆದ್ದರಿಂದ ಹುಲಿಯ ಬಾಲ ಬೆನ್ನಿಗೆ ಅಂಟಿಕೊಳ್ಳುತ್ತದೆ, ಕುದುರೆ ಕಾಲು ಮಡಿಸಿಕೊಳ್ಳುತ್ತದೆ. ಹಿಂಭಾಗವನ್ನೂ ಅಡಿಭಾಗವನ್ನೂ ಮುಂಭಾಗದಷ್ಟೇ ನಿಷ್ಠೆಯಿಂದ ಕೆತ್ತಬೇಕು. ವಸ್ತು ಕೈಯಲ್ಲಿ ತಿರುಗುತ್ತಲೇ ಇರುತ್ತದಲ್ಲ. ನೆತ್ಸುಕೆಯ ಎರಡು ತೂತುಗಳಲ್ಲಿ ಒಂದು ಕೊಂಚ ದೊಡ್ಡದು, ದಾರದ ಗಂಟು ಅದರೊಳಗೆ ಅಡಗಲೆಂದು. ಹತ್ತಾರು ವರ್ಷ ಕೈ, ಬಟ್ಟೆ ಉಜ್ಜಿ ಅಂಚುಗಳು ಮೆತ್ತಗಾದಾಗ ಬರುವ ಹೊಳಪಿಗೆ ಜಪಾನೀಯರು ‘ನಾರೆ’ ಎನ್ನುತ್ತಾರೆ. ಇದು ಕೆತ್ತಿದವನ ಕೈಯಿಂದ ಬಂದದ್ದಲ್ಲ, ಬಳಸಿದವನ ಕೈಯಿಂದ ಬಂದದ್ದು. ಮರದಲ್ಲಿ ಅದು ಕಾಣುವಷ್ಟು ಚೆನ್ನಾಗಿ ದಂತದಲ್ಲೂ ಕಾಣದು.

ಆದರೆ ಇವುಗಳನ್ನು ಮಾಡಿದವರು ಯಾರು? ಹೆಸರುಗಳು ಸಿಗುವುದು ಕೆಲವರವು ಮಾತ್ರ. ಒಸಾಕಾದ ಕತ್ತಿ ವ್ಯಾಪಾರಿ ಇನಾಬಾ ತ್ಸುರ್ಯು 1781ರಲ್ಲಿ ಪ್ರಕಟಿಸಿದ ‘ಸೋಕೆನ್ ಕಿಶೋ’ ಎಂಬ ಗ್ರಂಥದಲ್ಲಿ ನೆತ್ಸುಕೆ ಕೆತ್ತುವ ಐವತ್ತಕ್ಕೂ ಹೆಚ್ಚು ಮಂದಿಯ ಹೆಸರುಗಳನ್ನು ಕೊಟ್ಟಿದ್ದಾನೆ. ಆ ಗ್ರಂಥ ಇರುವುದು ಕತ್ತಿಯ ಅಲಂಕಾರಗಳ ಬಗೆಗೆ; ನೆತ್ಸುಕೆಗಾರರಿಗೆ ಸಿಕ್ಕಿದ್ದು ಅದರ ಒಂದು ಮೂಲೆ. ಹಳ್ಳಿಗಾಡಿನ ತೊಂಕೊತ್ಸುಗಳಿಗೆ ಆ ಮೂಲೆಯೂ ಇಲ್ಲ. ಅವುಗಳಲ್ಲಿ ಬಹುಪಾಲು ಸಹಿಯಿಲ್ಲದವು.

ಹೆಸರಿದ್ದವನ ಪಾಡು ಹೇಗಿತ್ತು ಎಂಬುದಕ್ಕೆ ಕೊಕುಸಾಯಿಯ ಬದುಕನ್ನು ನೋಡಬಹುದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಟೋಕಿಯೊದ ಶಿಬಾ ಭಾಗದಲ್ಲಿದ್ದ ಒಜಾಕಿ ಕೊಕುಸಾಯಿ ಹೆಚ್ಚಾಗಿ ಕೆತ್ತಿದ್ದು ಮರದಲ್ಲಲ್ಲ, ಜಿಂಕೆಯ ಕೊಂಬಿನಲ್ಲಿ. ದಂತಕ್ಕಿಂತ ಅಗ್ಗವಾದ, ಒಳಗೆ ತೂತುತೂತಾದ ಆ ಕೊಂಬಿನ ದೋಷಗಳನ್ನೇ ಚಿತ್ತಾರವಾಗಿಸಿ ಅವನು ಮಾಡಿದ ಕಿಸೆರು ಒರೆಗಳು, ನೆತ್ಸುಕೆಗಳು ಯಾರದರಂತೆಯೂ ಇಲ್ಲ. ಮೂಲೆಯಲ್ಲೊಂದು ‘ಕೊಕು’ ಎಂಬ ಅಕ್ಷರದ ಮುದ್ರೆ, ಅಷ್ಟೆ. ಕೆತ್ತನೆಯ ಜೊತೆಗೆ ಅವನಿಗೆ ಇನ್ನೊಂದು ಕಸುಬಿತ್ತು. ಔತಣಕೂಟಗಳಲ್ಲಿ ಹಣವಂತರನ್ನು ನಗಿಸಿ ರಂಜಿಸುವ ವಿದೂಷಕ ವೃತ್ತಿ. ಕೆಂಪು ಮೇಲಂಗಿ ತೊಟ್ಟು ಸುಮೋ ಕುಸ್ತಿಯ ಕಣದ ಸುತ್ತ ಓಡಾಡುತ್ತಿದ್ದ ಅವನನ್ನು ಊರೆಲ್ಲ ‘ಕೆಂಪಂಗಿಯ ಕೊಕುಸಾಯಿ’ ಎಂದೇ ಕರೆಯುತ್ತಿತ್ತು.

ಅವನ ಮಗ ಒಜಾಕಿ ಕೋಯೋ (1868–1903). ಜಪಾನಿನ ಆಧುನಿಕ ಸಾಹಿತ್ಯದ ಚರಿತ್ರೆಯಲ್ಲಿ ಆ ಹೆಸರು ದೊಡ್ಡದು. 1885ರಲ್ಲಿ ಗೆಳೆಯರೊಂದಿಗೆ ‘ಕೆನ್ಯೂಶಾ’ ಎಂಬ ಸಾಹಿತ್ಯ ಬಳಗ ಕಟ್ಟಿದವನು, 1897ರಿಂದ ‘ಯೊಮಿಯುರಿ’ ಪತ್ರಿಕೆಯಲ್ಲಿ ‘ಕೊಂಜಿಕಿ ಯಾಶಾ’ ಎಂಬ ಧಾರಾವಾಹಿ ಬರೆದು ನಾಡನ್ನೇ ಹಿಡಿದಿಟ್ಟವನು. ಹಣಕ್ಕಾಗಿ ಪ್ರೀತಿಯನ್ನು ಬಿಟ್ಟುಕೊಡುವ ಕಥೆ ಅದು. ಈ ಮಗ ತನ್ನ ತಂದೆಯಾರೆಂಬುದನ್ನು ಆಪ್ತ ಗೆಳೆಯರಿಂದಲೂ ಮುಚ್ಚಿಟ್ಟ. ಹಣವಂತರ ಮುಂದೆ ಕುಣಿಯುವ ಕೆಂಪಂಗಿಯ ನಾಚಿಕೆ ಅವನನ್ನು ಬಿಡಲಿಲ್ಲ. ಆ ನಾಚಿಕೆಯಲ್ಲಿ ಉಳಿ ಹಿಡಿದ ಕೈಯೂ ಮುಚ್ಚಿಹೋಯಿತು. ಇಂದು ಯುರೋಪು, ಅಮೆರಿಕಗಳ ಹರಾಜುಗಳಲ್ಲಿ ತಂದೆಯ ಕೆಲಸಕ್ಕೆ ಭಾರಿ ಬೆಲೆ. ಆ ಕೊಳ್ಳುವವರಲ್ಲಿ ಮಗನ ಕಾದಂಬರಿ ಓದಿದವರು ಎಷ್ಟು ಮಂದಿಯೋ.

ತಂದೆ ಮಗನ ಈ ಕಾಲ ಇಡೀ ದೇಶ ಮಗ್ಗುಲು ಬದಲಿಸಿದ ಕಾಲವೂ ಹೌದು. 1868ರಲ್ಲಿ ಮೇಜಿ ಆಳ್ವಿಕೆ ಬಂತು. 1876ರಲ್ಲಿ ಸಮುರಾಯಿಗಳು ಕತ್ತಿ ಧರಿಸುವುದನ್ನು ನಿಷೇಧಿಸಲಾಯಿತು. ಕತ್ತಿಯನ್ನೇ ನಂಬಿದ್ದ ಸಾವಿರಾರು ಕುಶಲಕರ್ಮಿಗಳ ಒಲೆ ಆರಿತು. ಹಿಡಿಯ ಲೋಹಾಲಂಕಾರ ಮಾಡುತ್ತಿದ್ದವರು ಹೊಗೆಸೊಪ್ಪಿನ ಚೀಲದ ಕೊಂಡಿಗಳತ್ತ ಹೊರಳಿದರು. ಆಧುನಿಕ ಜಪಾನಿನ ಮೊದಲ ನಾಣ್ಯಗಳಿಗೆ ವಿನ್ಯಾಸ ಮಾಡಿದ ಕಾನೊ ನತ್ಸುವೊ ಕೂಡ ಇಂಥ ಕೆಲಸ ಮಾಡಿದ. ಕತ್ತಿಯ ಒರೆಗೆ ಮೆರುಗು ಕೊಡುತ್ತಿದ್ದ ಹಶಿಮೊತೊ ಇಚಿಜೊ ಕಿಸೆರುವಿನ ಒರೆಗಳನ್ನು ಮಾಡತೊಡಗಿದ. ನೋಡಿದರೆ ಸಾಕ್ಷಾತ್ ಬಿದಿರು, ಗಿಣ್ಣು ಗೆರೆ ಸಮೇತ, ಕಾಣುವುದೆಲ್ಲ ಮೆರುಗೆಣ್ಣೆ. ಶಿಬಾತಾ ಜೆಶಿನ್ (1807–1891) ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹಳೆಯ ಮರ, ತುಕ್ಕು ಹಿಡಿದ ಕಬ್ಬಿಣ, ಬಿರುಕು ಬಿಟ್ಟ ಮಸಿಯ ಬಿಲ್ಲೆ ಎಲ್ಲವನ್ನೂ ಮೆರುಗೆಣ್ಣೆಯಲ್ಲೇ ತೋರಿಸಿದ. ಬಡವನ ಮರ ಎಷ್ಟು ಮೇಲೇರಿತ್ತೆಂದರೆ ಶ್ರೀಮಂತರು ಅದರ ಸೋಗಿಗೆ ದುಬಾರಿ ಬೆಲೆ ತೆರುತ್ತಿದ್ದರು.

ದೀಪ ಆರುವ ಮುನ್ನ ಉರಿದಂತೆ ಅದು. ಮೇಜಿ ಚಕ್ರವರ್ತಿಯೇ ಪಾಶ್ಚಾತ್ಯ ಸಮವಸ್ತ್ರ ತೊಟ್ಟ ಮೇಲೆ ಅಧಿಕಾರಿಗಳು, ಸೈನಿಕರು, ಗುಮಾಸ್ತರು ಕೋಟು ಷರಾಯಿಗೆ ಬಂದರು. ಕೋಟಿಗೆ ಕಿಸೆ ಇತ್ತು. ಕಿಸೆಗೆ ಸರಿಹೊಂದುವ ಸಿಗರೇಟೂ ಬಂತು. ಟೋಕಿಯೊದ ಗಿಂಜಾದಲ್ಲಿ ಇವಾಯಾ ಮತ್ಸುಹೇಯಿ ‘ತೆಂಗು’ ಎಂಬ ಸಿಗರೇಟು ಮಾರಿದರೆ, ಕ್ಯೋಟೊದ ಮುರಾಯಿ ಕಿಚಿಬೇಯಿ ಅಮೆರಿಕದ ಸೊಪ್ಪು ಬೆರೆಸಿ ‘ಸನ್‌ರೈಸ್’, ‘ಹೀರೋ’ ತಂದ. ಇಬ್ಬರ ಜಾಹೀರಾತು ಸಮರಕ್ಕೆ ತೆರೆ ಎಳೆದದ್ದು ಸರ್ಕಾರ. 1898ರಲ್ಲಿ ಎಲೆಯ ವ್ಯಾಪಾರವನ್ನೂ, 1904ರಲ್ಲಿ ರಷ್ಯಾದೊಂದಿಗಿನ ಯುದ್ಧಕ್ಕೆ ಹಣ ಬೇಕಾದಾಗ ಇಡೀ ತಯಾರಿಕೆಯನ್ನೂ ಅದು ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡಿತು. ಮುನ್ನೂರು ವರ್ಷಗಳ ಹಿಂದೆ ಸುಡಲು ಹೇಳಿದ್ದ ಸೊಪ್ಪು ಈಗ ಬೊಕ್ಕಸದ ಆಧಾರ. ಕಿಸೆರು ಮುದುಕರ ಕೈಯಲ್ಲಿ, ಹಳ್ಳಿಗಳಲ್ಲಿ ಇನ್ನೂ ಕೆಲವು ದಶಕ ಉಳಿಯಿತು. ಅದರ ಬಿದಿರು ಬದಲಿಸಿಕೊಡುವ ಗಾಡಿಯವನ ಆವಿಯ ಸೀಟಿ ಓಣಿಗಳಲ್ಲಿ ಕೇಳಿಸುತ್ತಲೇ ಇತ್ತು. ಆದರೆ ಹೊಸ ತೊಂಕೊತ್ಸು ಕೆತ್ತಿಸುವವರು ಇಲ್ಲವಾದರು.

ಬೇಡವಾದ ವಸ್ತುಗಳು ಬಂದರುಗಳಲ್ಲಿ ಪಾಶ್ಚಾತ್ಯ ಪ್ರವಾಸಿಗರ ಕೈಸೇರಿದವು. ಅಲ್ಲಿ ಆದ ಒಂದು ನಷ್ಟ ಮತ್ತೆ ತುಂಬಿಬರಲಿಲ್ಲ. ಪ್ರವಾಸಿಗೆ ಬೇಕಾದದ್ದು ಪೆಟ್ಟಿಗೆಯಲ್ಲಿ ಸುಲಭವಾಗಿ ಹಿಡಿಸುವ, ಮೇಜಿನ ಮೇಲೆ ಇಡಬಹುದಾದ ನೆತ್ಸುಕೆ. ಹೀಗಾಗಿ ಎಷ್ಟೋ ಜೋಡಣೆಗಳ ದಾರ ಕತ್ತರಿಸಿ ನೆತ್ಸುಕೆಯನ್ನು ಬೇರೆಯಾಗಿ ಮಾರಿದರು. ಒಂದು ಸೊಂಟದಲ್ಲಿ ಒಟ್ಟಿಗೆ ಬಾಳಿದ ಬಿರಡೆ, ಮಣಿ, ಡಬ್ಬಿ, ಒರೆ ಬೇರೆಬೇರೆ ಖಂಡಗಳಿಗೆ ಹೋದವು. ಕಪ್ಪೆಯ ನೆತ್ಸುಕೆಗೆ ಕಮಲದೆಲೆಯ ಡಬ್ಬಿ, ಮಳೆಗೆ ಕೊಡೆ ಎಂಬಂತೆ ಮಾಲೀಕ ಕೂಡಿಸಿಟ್ಟಿದ್ದ ಒಗಟುಗಳು ಬಿಡಿಬಿಡಿಯಾದವು. ಇಂದು ನೆತ್ಸುಕೆಗಳ ಬಗೆಗೆ ಗ್ರಂಥಗಳಿಗೆ ಲೆಕ್ಕವಿಲ್ಲ. ಟೋಕಿಯೊದಲ್ಲಿ ವಕೀಲನಾಗಿದ್ದ ಅಮೆರಿಕದ ರೇಮಂಡ್ ಬುಶೆಲ್ ಕೂಡಿಸಿದ ನೂರಾರು ನೆತ್ಸುಕೆಗಳು ಲಾಸ್ ಏಂಜಲೀಸ್ ಕೌಂಟಿ ಕಲಾ ಸಂಗ್ರಹಾಲಯದಲ್ಲಿವೆ. ಡಬ್ಬಿಗಳ ಬಗೆಗೆ ಬರೆದವರು ತೀರ ಕಡಿಮೆ.

ಈಚಿನ ವರ್ಷಗಳಲ್ಲಿ ಗಾಳಿ ಕೊಂಚ ತಿರುಗಿದೆ. ಆನೆಗಳ ರಕ್ಷಣೆಗಾಗಿ ಅಮೆರಿಕ 2016ರಲ್ಲಿ ದಂತದ ವ್ಯಾಪಾರವನ್ನು ಬಿಗಿಗೊಳಿಸಿತು. ಬ್ರಿಟನ್ನಿನಲ್ಲಿ 2018ರಲ್ಲಿ ಆದ ಕಾನೂನು 2022ರಲ್ಲಿ ಜಾರಿಗೆ ಬಂದು, ಹಳೆಯ ದಂತದ ನೆತ್ಸುಕೆಗಳನ್ನು ಮಾರುವುದೂ ಕಷ್ಟವಾಯಿತು. ಮರಕ್ಕೆ ಆ ತೊಡಕಿಲ್ಲ. ಕಣ್ಣಿಗೋ ಹಲ್ಲಿಗೋ ಒಂದು ಚೂರು ದಂತ ಕೂರಿಸಿದ ಡಬ್ಬಿಯಾದರೆ ಮಾತ್ರ ಬ್ರಿಟನ್ನಿನಲ್ಲಿ ಅದು 1947ಕ್ಕಿಂತ ಹಿಂದಿನದೆಂದೂ, ದಂತದ ಪ್ರಮಾಣ ಹತ್ತನೇ ಒಂದು ಭಾಗಕ್ಕಿಂತ ಕಡಿಮೆಯೆಂದೂ ನೋಂದಾಯಿಸಬೇಕು.

ಟೋಕಿಯೊದಲ್ಲಿ ಹೊಗೆಸೊಪ್ಪು ಮತ್ತು ಉಪ್ಪಿಗೆ ಮೀಸಲಾದ ಒಂದು ಸಂಗ್ರಹಾಲಯವಿದೆ. ಎರಡೂ ಒಂದು ಕಾಲಕ್ಕೆ ಸರ್ಕಾರದ ಏಕಸ್ವಾಮ್ಯದಲ್ಲಿದ್ದುದರಿಂದ ಈ ಜೋಡಿ. 1978ರಲ್ಲಿ ಶಿಬುಯಾದಲ್ಲಿ ಆರಂಭವಾಗಿ 2015ರಲ್ಲಿ ಸುಮಿದಾ ನದಿಯ ಆಚೆಗೆ ಸ್ಥಳಾಂತರವಾಯಿತು. ಕಿಸೆರು, ಚೀಲ, ತಟ್ಟೆಗಳ ಚರಿತ್ರೆಯನ್ನು ಅಲ್ಲಿ ನೋಡಬಹುದು. ಕಟ್ಟಡದೊಳಗೆ ಎದೋ ಕಾಲದವರು ಕಿಸೆರು ಹಚ್ಚುವ ಚಿತ್ರಗಳಿವೆ. ಹೊರಗೆ ಕೋಟಿನ ಕಿಸೆಗೆ ಕೈಹಾಕಿಕೊಂಡು ಜನ ನಡೆದುಹೋಗುತ್ತಾರೆ.